ಎಡಕ್ಕೆ ನಡೆಯುವ ಸೂರ್ಯ

ಗುಡಿಯನ್ನಾಗಲಿ, ಅಶ್ವತ್ಥದ ಕಟ್ಟೆಯನ್ನಾಗಲಿ, ತುಳಸಿಯ ಬೃಂದಾವನವನ್ನಾಗಲಿ ಸುತ್ತಿ ಬರುವಾಗ ಪೂಜ್ಯವಾದುದು ನಮ್ಮ ಬಲಗಡೆಗೆ ಇರಬೇಕೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ನಿಯಮ. ಇದನ್ನು ಯಾರಾದರೂ ಕುಳ್ಳಿರಿಸಿಕೊಂಡು ಕಲಿಸಿದರೆಂಬ ನೆನಪು ಯಾರಿಗೂ ಇರುವುದಿಲ್ಲ. ತಾಯಿಯ ಸೆರಗನ್ನು ಹಿಡಿದು ಕಟ್ಟೆಯನ್ನು ಸುತ್ತಿದ ಕಾಲಿಗೆ ಅದು ತಾನಾಗಿ ಬಂದಿರುತ್ತದೆ. ಹಾಗೇಕೆ ಎಂದು ಬಲ್ಲವರನ್ನು ಕೇಳಿದರೆ, ಸೂರ್ಯನ ನಡೆ ಹಾಗಿದೆ, ಅವನು ಮೂಡಣದಲ್ಲಿ ಹುಟ್ಟಿ ತೆಂಕಣ ಬಾನಿನ ಮೇಲೆ ಹಾದು ಪಡುವಣದಲ್ಲಿ ಮುಳುಗುತ್ತಾನೆ, ಅವನ ನಡೆಯನ್ನು ಅನುಸರಿಸಿ ನಾವೂ ಮೂಡಣದಿಂದ ತೆಂಕಣಕ್ಕೆ, ತೆಂಕಣದಿಂದ ಪಡುವಣಕ್ಕೆ ಹೆಜ್ಜೆಯಿಡುತ್ತೇವೆ ಎಂಬ ಉತ್ತರ ಬರುತ್ತದೆ. ಈ ಉತ್ತರಕ್ಕೆ ಪ್ರಾಚೀನವಾದ ಆಧಾರವೂ ಉಂಟು. ಯಜಮಾನನು ಸೂರ್ಯನ ಆವರ್ತನವನ್ನು ಅನುಸರಿಸಿ ಬಲಕ್ಕೆ ತಿರುಗಬೇಕೆಂಬ ವಿಧಿ ಶತಪಥಬ್ರಾಹ್ಮಣದಲ್ಲಿಯೇ ಇದೆ. ವಿಶ್ವದಲ್ಲಿ ಒಂದು ಕ್ರಮವುಂಟು, ಅದನ್ನು ಪೂರ್ವಿಕರು ಋತವೆಂದು ಕರೆದರು, ಮನುಷ್ಯನ ಆಚಾರವು ಆ ಕ್ರಮದೊಡನೆ ಹೊಂದಿ ನಡೆದಾಗ ಧರ್ಮವಾಗುತ್ತದೆ ಎಂಬ ಮಹಾತತ್ತ್ವವು ಕಾಲ್ನಡಿಗೆಯಷ್ಟು ಸಣ್ಣ ಕ್ರಿಯೆಯಲ್ಲಿ ಮೈದೋರಿರುವುದೇ ಪ್ರದಕ್ಷಿಣೆ ಎಂದು ನಾನೂ ಬಹುಕಾಲ ನಂಬಿದ್ದೆನು.

ಹಾಗಾದರೆ, ಸೂರ್ಯನು ಎಡಕ್ಕೆ ನಡೆಯುವ ನಾಡಿನಲ್ಲಿ ಮನುಷ್ಯನು ಯಾವ ಕಡೆಗೆ ಸುತ್ತಬೇಕು? ಕುಚೇಷ್ಟೆಯ ಪ್ರಶ್ನೆಯೆಂದು ತೋರಬಹುದಾದ ಇದು, ವೃದ್ಧಾಪ್ಯದಲ್ಲಿ ಮೈಸೂರಿನ ಮನೆಗೆ ಬೀಗಹಾಕಿ ಸಿಡ್ನಿ ನಗರದಲ್ಲಿರುವ ಮಗಳ ಮನೆಗೆ ಬಂದು ನೆಲೆಸಿದ ನನಗೆ, ವೈದ್ಯರ ಅಪ್ಪಣೆಯಂತೆ ಬೆಳಗಿನ ಹೊತ್ತು ಉದ್ಯಾನದಲ್ಲಿ ತಿರುಗಾಡುವಾಗ ದಿನವೂ ಎದುರಾಗುವ ಪ್ರಶ್ನೆ. ಸಿಡ್ನಿ ಇರುವುದು ಭೂಮಧ್ಯರೇಖೆಯಿಂದ ಸುಮಾರು 34 ಅಂಶಗಳಷ್ಟು ತೆಂಕಣಕ್ಕೆ. ಅಲ್ಲಿ ಸೂರ್ಯನು ಪೂರ್ವದಲ್ಲಿಯೇ ಹುಟ್ಟಿ ಪಶ್ಚಿಮದಲ್ಲಿಯೇ ಮುಳುಗುವನಾದರೂ ನಡುವೆ ಅವನ ದಾರಿ ಉತ್ತರದ ಬಾನಿನಲ್ಲಿದೆ. ಅವನಿಗೆ ಮುಖಮಾಡಿ ನಿಂತವನಿಗೆ ಅವನು ಬಲದಿಂದ ಎಡಕ್ಕೆ ಸರಿಯುತ್ತಿರುವಂತೆ ಕಾಣುತ್ತಾನೆ. ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಮರಗಳ ಬೊಡ್ಡೆಯ ಹಾವಸೆ ತೆಂಕಣ ಮೈಯಲ್ಲಿ ದಟ್ಟವಾಗಿರುತ್ತದೆ. ಮನೆ ಮಾರುವವರು ಉತ್ತರಕ್ಕೆ ಕಿಟಕಿಗಳಿವೆ ಎಂಬುದನ್ನು ಜಾಹೀರಾತಿನಲ್ಲಿ ದೊಡ್ಡ ಗುಣವಾಗಿ ಹೇಳಿಕೊಳ್ಳುತ್ತಾರೆ. ಗಡಿಯಾರದ ಮುಳ್ಳುಗಳು ಈಗಿನ ದಿಕ್ಕಿಗೆ ತಿರುಗುವುದು ಉತ್ತರಾರ್ಧಗೋಳದ ನೆರಳುಗಡಿಯಾರಗಳ ಅನುಕರಣೆಯಿಂದ ಎನ್ನುವರು. ಈ ನಾಡಿನಲ್ಲಿ ನೆಲದ ಮೇಲೆ ನೆರಳುಗಡಿಯಾರವನ್ನು ಕಟ್ಟಿದರೆ ಅಂಕಿಗಳನ್ನು ಹಿಂದುಮುಂದಾಗಿ ಬರೆಯಬೇಕಾಗುತ್ತದೆ. ಎಂದಮೇಲೆ ಇಲ್ಲಿಯ ಪ್ರತಿಯೊಬ್ಬರ ಮಣಿಕಟ್ಟಿನಲ್ಲಿಯೂ ಇನ್ನೊಂದು ಆಕಾಶದ ಸೂರ್ಯನೇ ಸುತ್ತುತ್ತಿದ್ದಾನೆ ಎಂದಂತಾಯಿತು.

ನಾನು ತಿರುಗಾಡುವ ಉದ್ಯಾನಕ್ಕೆ ಸೆಂಟೆನಿಯಲ್ ಪಾರ್ಕ್ ಎಂದು ಹೆಸರು. ಇಂಗ್ಲಿಷರ ವಸಾಹತು ಆರಂಭವಾಗಿ ನೂರು ವರ್ಷ ತುಂಬಿದ ನೆನಪಿಗಾಗಿ 1888ನೆಯ ಜನವರಿ 26ರಂದು ಅದನ್ನು ಸಾರ್ವಜನಿಕರಿಗೆ ತೆರೆದರು. ಅದಕ್ಕೆ ಮುಂಚೆ ಅದು ಲ್ಯಾಕ್ಲನ್ ಜೌಗು ಎಂಬ ನೀರುನೆಲವಾಗಿದ್ದು ನಗರಕ್ಕೆ ಕುಡಿಯುವ ನೀರನ್ನು ಒದಗಿಸುತ್ತಿತ್ತು. ಅಲ್ಲಿಂದ ನಗರದ ನಡುವಿಗೆ ನೀರನ್ನು ಒಯ್ಯುವ ಸುರಂಗವನ್ನು 1827ರಿಂದ 1837ರ ವರೆಗೆ, ಇಂಗ್ಲೆಂಡಿನಿಂದ ಶಿಕ್ಷೆಯಾಗಿ ಕಡಲು ದಾಟಿಸಲ್ಪಟ್ಟ ಕೈದಿಗಳು ಅಗೆದರು. ಇಂದು ಅಲ್ಲಿ ಕೊಳಗಳಿವೆ, ಕೊಳಗಳಲ್ಲಿ ಕರಿಯ ಹಂಸಗಳಿವೆ. ಹಂಸವೆಂದರೆ ಬಿಳುಪೆಂದು ಕಾವ್ಯಗಳಲ್ಲಿ ಓದಿಕೊಂಡು ಬಂದವನಿಗೆ ಈ ನಾಡು ಮೊದಲ ದಿನವೇ ಕಲಿಸುವ ವಿನಯದ ಪಾಠವದು. ಕಾಗದದಂತೆ ಪದರಪದರವಾಗಿ ತೊಗಟೆ ಬಿಡುವ ಮರಗಳ ತೋಪಿದೆ. ಜೌಗಿನ ಉಳಿದ ಭಾಗದಲ್ಲಿ ದೊಡ್ಡ ಬಾವಲಿಗಳ ಬೀಡಿದೆ, ರಾತ್ರಿಯ ಮೇವನ್ನು ಮುಗಿಸಿ ನಸುಕಿನಲ್ಲಿ ಅವು ಹಿಂದಿರುಗುವಾಗ ಆಗುವ ಕೋಲಾಹಲವು ನಮ್ಮೂರಿನ ಸಂತೆಗೆ ಕಡಮೆಯಾದುದಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಅಲ್ಲಿ ಮೋರ್ಟನ್ ಬೇ ಅತ್ತಿಯ ಮಹಾವೃಕ್ಷಗಳಿವೆ. ಬುಡದಲ್ಲಿ ಗೋಡೆಗಳಂತೆ ಎದ್ದುನಿಂತ ಬೇರುಗಳು, ಬೀದಿಯಗಲ ಚಾಚಿದ ಕೊಂಬೆಗಳು, ದಪ್ಪನಾದ ಹೊಳೆಯುವ ಎಲೆಗಳು; ಸಸ್ಯಶಾಸ್ತ್ರಜ್ಞರ ಎಣಿಕೆಯಲ್ಲಿ ಅದು ನಮ್ಮ ಅರಳಿ, ಆಲ, ಅತ್ತಿಗಳ ಕುಲಕ್ಕೇ ಸೇರಿದ್ದು.

ಅರಳಿಯ ದಾಯಾದಿಯನ್ನು ಕಂಡ ಕಾಲು ಸುಮ್ಮನೆ ಮುಂದೆ ಹೋಗಲೊಪ್ಪುವುದಿಲ್ಲ. ನೋಡುವವರಿಗೆ ವ್ಯಾಯಾಮವೆಂದು ತೋರುವಂತೆ ಆ ಮರವನ್ನು ಸುತ್ತುವ ಅಭ್ಯಾಸವನ್ನು ನಾನು ಬೆಳೆಸಿಕೊಂಡೆನು. ನಾಯಿಗಳನ್ನು ನಡೆಸಿಕೊಂಡು ಬರುವವರೂ ಓಡುವವರೂ ಮುಗುಳ್ನಕ್ಕು ಶುಭೋದಯ ಹೇಳಿ ಹೋಗುತ್ತಾರೆ, ಯಾರೂ ಏನೂ ಕೇಳುವುದಿಲ್ಲ. ಕೇಳುವವನು ನನ್ನೊಳಗೇ ಇದ್ದನು. ಮರವನ್ನು ಬಲಕ್ಕೆ ಇಟ್ಟುಕೊಂಡರೆ ಇಲ್ಲಿ ಸೂರ್ಯನಿಗೆ ವಿಮುಖವಾಗಿ ನಡೆದಂತೆ. ಸೂರ್ಯನನ್ನು ಅನುಸರಿಸಿದರೆ ಮರವು ಎಡಕ್ಕೆ ಬರುತ್ತದೆ, ಅದು ಅಪ್ರದಕ್ಷಿಣ, ಪಿತೃಕಾರ್ಯಗಳಿಗೆ ಮೀಸಲಾದ ನಡೆ. ನಗರದ ದಕ್ಷಿಣಕ್ಕೆ ಹೆಲೆನ್ಸ್‌ಬರ್ಗ್ ಎಂಬಲ್ಲಿ ವೇಂಕಟೇಶ್ವರನ ದೊಡ್ಡ ದೇವಾಲಯವಿದೆ, ಅಲ್ಲಿ ಸಾವಿರಾರು ಮಂದಿ ಭಕ್ತರು ಯಾವ ಸಂಶಯವೂ ಇಲ್ಲದೆ ದೇವರನ್ನು ಬಲಕ್ಕೆ ಇಟ್ಟುಕೊಂಡೇ ಸುತ್ತುತ್ತಾರೆ. ಅವರ ಕಾಲು ಸರಿಯೋ, ಬಲ್ಲವರು ಕೊಡುವ ಕಾರಣ ಸರಿಯೋ? ಎರಡೂ ಸರಿಯೆಂದು ಹೇಳಲು ಈ ಆಕಾಶದ ಕೆಳಗೆ ಎಡೆಯಿಲ್ಲ.

ಈ ಸಂದೇಹವನ್ನು ಬಿಡಿಸಿದುದು ಸಿಡ್ನಿಯ ಆಕಾಶವಲ್ಲ, ಬಿಟ್ಟು ಬಂದ ಊರಿನ ಆಕಾಶ. ಕರ್ನಾಟಕವು ಕರ್ಕಾಟಕವೃತ್ತಕ್ಕೆ ಬಹಳ ತೆಂಕಣದಲ್ಲಿದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಒಮ್ಮೆ, ಆಗಸ್ಟ್ 18ರ ಸುಮಾರಿಗೆ ಇನ್ನೊಮ್ಮೆ ನಡುಹಗಲಿನ ಸೂರ್ಯನು ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ಆಗ ನೆಟ್ಟ ಕಂಬಕ್ಕೆ ನೆರಳಿಲ್ಲ. ಶೂನ್ಯಛಾಯೆಯ ದಿನವೆಂದು ಶಾಲೆಯ ಹುಡುಗರು ಅದನ್ನು ನೋಡಿ ನಲಿಯುವುದುಂಟು. ಆದರೆ ಈ ಎರಡು ದಿನಗಳ ನಡುವಣ, ನಾಲ್ಕು ತಿಂಗಳಿಗೆ ಸ್ವಲ್ಪ ಕಡಮೆಯಾದ ಅವಧಿಯಲ್ಲಿ ಏನಾಗುತ್ತದೆಂಬುದನ್ನು ನಾವು ಗಮನಿಸುವುದಿಲ್ಲ. ಆಗ ನಮ್ಮೂರಿನ ಸೂರ್ಯನೂ ನೆತ್ತಿಯಿಂದ ಉತ್ತರಕ್ಕೆ ಸರಿದು, ಈಶಾನ್ಯದ ಕಡೆ ಹುಟ್ಟಿ, ಉತ್ತರದಲ್ಲಿ ಹಾದು, ವಾಯವ್ಯದ ಕಡೆ ಮುಳುಗುತ್ತಾನೆ. ಸಿಡ್ನಿಯ ಸೂರ್ಯನಂತೆಯೇ ಎಡಕ್ಕೆ ನಡೆಯುತ್ತಾನೆ. ವೈಶಾಖ ಜ್ಯೇಷ್ಠ ಆಷಾಢಗಳಲ್ಲಿ, ವಟಸಾವಿತ್ರಿಯಂದು ಆಲದ ಮರವನ್ನು ನೂಲು ಸುತ್ತುತ್ತ ಬಲಬಂದ ನಮ್ಮ ಅಜ್ಜಿಯರೆಲ್ಲರೂ ಸೂರ್ಯನಿಗೆ ಎದುರಾಗಿಯೇ ಸುತ್ತಿದರು! ಸಾವಿರಾರು ವರ್ಷ ಹೀಗೆ ನಡೆದರೂ ಯಾರ ಕಾಲೂ ತಡವರಿಸಲಿಲ್ಲ, ಯಾವ ಧರ್ಮಶಾಸ್ತ್ರಕಾರನೂ ಬೇಸಗೆಯಲ್ಲಿ ಎಡಕ್ಕೆ ತಿರುಗಿರೆಂದು ಆದೇಶಿಸಲಿಲ್ಲ.

ಇದರಿಂದ ತಿಳಿಯುವುದೇನೆಂದರೆ, ಸೂರ್ಯನ ಉಪಮಾನವು ಆಚಾರಕ್ಕೆ ಶೋಭೆಯನ್ನು ಕೊಟ್ಟಿದ್ದರೂ ಅದರ ಬೇರು ಬೇರೆ ಕಡೆ ಇದೆ. ಪೂಜ್ಯನಾದವನನ್ನು ಬಲಕ್ಕೆ ಇಟ್ಟುಕೊಳ್ಳಬೇಕೆಂಬ ಮಾತಿನಲ್ಲಿ ಬಲವೆಂಬುದು ಯಾರ ಬಲ? ಆಕಾಶಕ್ಕೆ ಬಲವಿಲ್ಲ ಎಡವಿಲ್ಲ, ನಡೆಯುವವನ ಮೈಗೆ ಉಂಟು. ಕೊಡುವ ಕೈ, ಉಣ್ಣುವ ಕೈ, ಮಾತು ಕೊಟ್ಟು ಹಿಡಿಯುವ ಕೈ ಬಲಗೈ. ಆ ಕೈಯ ಕಡೆಗೆ ಪೂಜ್ಯವಸ್ತುವನ್ನು ಇಟ್ಟುಕೊಳ್ಳುವುದೆಂದರೆ ನನ್ನಲ್ಲಿರುವ ಶ್ರೇಷ್ಠವಾದುದನ್ನು ಅದರ ಸಮೀಪಕ್ಕೆ ಒಯ್ಯುವುದು. ಈ ಸಂಬಂಧವು ದೇಹಕ್ಕೂ ದೇವರಿಗೂ ನಡುವೆ ಇರುವಂಥದು, ಮೂರನೆಯವನಾಗಿ ಸೂರ್ಯನು ಸಾಕ್ಷಿಗೆ ನಿಲ್ಲಬಹುದೇ ಹೊರತು ಒಪ್ಪಂದದಲ್ಲಿ ಭಾಗಿಯಲ್ಲ. ದೇಹವು ಹೋದಲ್ಲೆಲ್ಲ ಈ ಸಂಬಂಧವೂ ಹೋಗುತ್ತದೆ. ವಿಮಾನದಲ್ಲಿ ಅದಕ್ಕೆ ಬೇರೆ ತೂಕವಿಲ್ಲ, ಗಡಿಯಲ್ಲಿ ಅದಕ್ಕೆ ತಪಾಸಣೆಯಿಲ್ಲ. ಹೆಲೆನ್ಸ್‌ಬರ್ಗಿನ ಭಕ್ತರ ಕಾಲು ಸರಿ.

ನಮ್ಮ ಪ್ರಾಚೀನ ಜ್ಯೋತಿಷಿಗಳು ಈ ವಿಷಯದಲ್ಲಿ ನಮಗಿಂತ ನಿರಾತಂಕವಾಗಿದ್ದರು. 499ರ ಸುಮಾರಿಗೆ ಆರ್ಯಭಟೀಯವನ್ನು ರಚಿಸಿದ ಆರ್ಯಭಟನು ಭೂಮಿಯನ್ನು ಕದಂಬದ ಹೂವಿನ ಗುಂಡಿಗೆ ಹೋಲಿಸಿ, ಅದರ ಮೈಯ ಸುತ್ತಲೂ ಎಸಳುಗಳಿರುವಂತೆ ಭೂಮಿಯ ಸುತ್ತಲೂ ಜೀವಿಗಳಿರುವುದನ್ನು ಸೂಚಿಸಿದನು. ಸೂರ್ಯಸಿದ್ಧಾಂತವು ಇನ್ನೂ ಮುಂದೆ ಹೋಗಿ, ಉತ್ತರಧ್ರುವದ ಮೇರುವಿನಲ್ಲಿರುವ ದೇವತೆಗಳಿಗೆ ನಕ್ಷತ್ರಗೋಳವು ಒಂದು ದಿಕ್ಕಿಗೆ ತಿರುಗುವಂತೆಯೂ, ದಕ್ಷಿಣಧ್ರುವದಲ್ಲಿರುವ ಅಸುರರಿಗೆ ಅದಕ್ಕೆ ಪ್ರತಿಯಾದ ದಿಕ್ಕಿಗೆ ತಿರುಗುವಂತೆಯೂ ಕಾಣುವುದೆಂದು ಸ್ಪಷ್ಟವಾಗಿ ಹೇಳುತ್ತದೆ. ಒಬ್ಬರಿಗೆ ಹಗಲಾದ ಆರು ತಿಂಗಳು ಇನ್ನೊಬ್ಬರಿಗೆ ಇರುಳು. ಭೂಗೋಳದ ಮೇಲೆ ಪ್ರತಿಯೊಬ್ಬನೂ ತಾನಿರುವ ಸ್ಥಳವೇ ಮೇಲೆಂದು ತಿಳಿಯುತ್ತಾನೆ, ಆಕಾಶದ ನಡುವೆ ನಿಂತ ಗೋಳಕ್ಕೆ ಮೇಲೆಲ್ಲಿಯದು ಕೆಳಗೆಲ್ಲಿಯದು ಎಂಬ ಪ್ರಶ್ನೆಯೂ ಆ ಗ್ರಂಥದಲ್ಲಿಯೇ ಇದೆ. ಆ ಭೂಪಟದ ಪ್ರಕಾರ ನಾನು ಅಸುರರ ದಿಕ್ಕಿಗೆ ವಲಸೆ ಬಂದಿದ್ದೇನೆ. ಇಲ್ಲಿಯ ಜನರ ಸೌಜನ್ಯವನ್ನು ಕಂಡಮೇಲೆ ಅಸುರರ ಕೀರ್ತಿಯನ್ನು ಪುನರ್ವಿಮರ್ಶೆ ಮಾಡಬೇಕಾಗಿದೆ ಎಂದು ಮಗಳೊಡನೆ ಹೇಳಿದೆನು. ‘ಅಣ್ಣ, ಬಾಡಿಗೆ ಕೇಳುವ ದಿನ ಬರಲಿ, ಆಮೇಲೆ ಮಾಡುವಿರಂತೆ’ ಎಂದು ನಕ್ಕಳು.

ಇಷ್ಟಕ್ಕೆ ಮುಗಿದಿದ್ದರೆ ನನ್ನ ತಿರುಗಾಟವು ನೆಮ್ಮದಿಯ ತಿರುಗಾಟವಾಗುತ್ತಿತ್ತು. ಆದರೆ ಆಚಾರವೆಲ್ಲವೂ ಪ್ರದಕ್ಷಿಣೆಯ ಜಾತಿಯದಲ್ಲ. ಯುಗಾದಿ ಬಂದಿತು. ಸ್ನಾನಮಾಡಿ, ಆಚಮನ ಮಾಡಿ, ಸಂಕಲ್ಪಕ್ಕೆ ಕುಳಿತೆನು. ಸಂಕಲ್ಪವೆಂದರೆ ಪೂಜೆಗೆ ಮುಂಚೆ ತಾನು ಯಾವ ಕಾಲದಲ್ಲಿ, ಯಾವ ದೇಶದಲ್ಲಿ, ಯಾರ ಮಗನಾಗಿ ಕುಳಿತಿದ್ದೇನೆಂಬುದನ್ನು ಕರ್ತೃವು ಬಾಯಿಬಿಟ್ಟು ಹೇಳಿಕೊಳ್ಳುವುದು. ಕಲ್ಪ ಮನ್ವಂತರಗಳಿಂದ ಇಳಿಯುತ್ತ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿಗಳಿಗೆ ಬರುವುದು; ಜಂಬೂದ್ವೀಪ ಭರತವರ್ಷಗಳಿಂದ ಇಳಿಯುತ್ತ ಗೋದಾವರಿಯ ದಕ್ಷಿಣತೀರಕ್ಕೆ ಬರುವುದು. ಅನಂತವಾದ ದೇಶಕಾಲಗಳಲ್ಲಿ ಒಂದು ಚುಕ್ಕೆಯನ್ನು ಇಟ್ಟು, ಇಗೋ ನಾನು ಇಲ್ಲಿದ್ದೇನೆ ಎನ್ನುವ ಈ ಕ್ರಮದಷ್ಟು ಗಂಭೀರವಾದ ಪೂಜಾಂಗವು ಬೇರೊಂದಿಲ್ಲವೆಂದು ನನ್ನ ಭಾವನೆ. ವಸಂತಋತು ಎಂದು ಹೇಳಲು ಬಾಯಿ ತೆರೆದವನು ಕಿಟಕಿಯ ಹೊರಗೆ ನೋಡಿದೆನು. ಬೀದಿಯ ಅಂಚಿನ ಪರದೇಶದ ಮರಗಳು ಕೆಂಪೇರಿ ಎಲೆಯುದುರಿಸುತ್ತಿದ್ದವು. ಹಗಲು ದಿನದಿನಕ್ಕೆ ಮೊಟಕಾಗುತ್ತಿತ್ತು. ಅಂದಿನ ಬೆಳಗಿನ ತಿರುಗಾಟಕ್ಕೆ ಮಗಳು ಉಣ್ಣೆಯ ಅಂಗಿಯನ್ನು ಒತ್ತಾಯದಿಂದ ತೊಡಿಸಿದ್ದಳು. ಇದು ಶರತ್ಕಾಲ. ಇಲ್ಲಿ ದೀಪಾವಳಿಗೆ ವಸಂತ, ಜಕರಾಂಡದ ನೇರಿಳೆ ಹೂ ಬೀದಿಗೆ ಹಾಸಿರುವ ಕಾಲ.

ಈ ಸಂದಿಗ್ಧವನ್ನು ಉದ್ಯಾನದಲ್ಲಿ ಪರಿಚಯವಾದ ಧಾರವಾಡದ ಕಡೆಯ ಹಿರಿಯರೊಬ್ಬರೊಡನೆ ಹೇಳಿಕೊಂಡೆನು. ಅವರು ನನಗಿಂತ ಮೊದಲು ಈ ದೇಶಕ್ಕೆ ಬಂದವರು, ನಿತ್ಯಕರ್ಮವನ್ನು ಬಿಡದವರು. ‘ಪಂಚಾಂಗದಾಗ ಏನೈತಿ ಅದನ್ನ ಹೇಳ್ರೀ ರಾಯರ. ಅಲ್ಲಿ ನಮ್ಮಕ್ಕ ದೇವರ ಮುಂದ ಕೂತು ವಸಂತಋತು ಅಂತಾಳ, ಇಲ್ಲಿ ನಾನೂ ವಸಂತಋತು ಅಂತೀನಿ. ಇಬ್ಬರೂ ಒಂದ ಪಡಸಾಲ್ಯಾಗ ಕೂತಂಗ ಆಗ್ತದ’ ಎಂದರು. ನಾನು ನಿಜಸ್ಥಿತಿಯ ಮಾತೆತ್ತಿದಾಗ ಅವರು ಬಿಡಲಿಲ್ಲ. ‘ಮದುವ್ಯಾಗ ಹಾಡಹಗಲ ಮದುಮಗಳಿಗೆ ಅರುಂಧತಿ ಕಂಡಳೇನವಾ ಅಂತ ಕೇಳ್ತಾರ, ಆಕಿ ಕಂಡೆ ಅಂತಾಳ. ಅದೂ ಸುಳ್ಳೇನ್ರೀ ಹಂಗಾದ್ರ?’ ಎಂದು ಕೇಳಿದರು.

ಈ ಆಕ್ಷೇಪವು ಹಗುರವಾದುದಲ್ಲ. ಅವರ ಪಕ್ಷವನ್ನು ಅವರಿಗಿಂತಲೂ ಬಲವಾಗಿ ನಾನೇ ಹೇಳಬಲ್ಲೆ. ನಮ್ಮ ಪಂಚಾಂಗವು ಭಾರತದಲ್ಲಿಯೂ ಕಣ್ಣಿಗೆ ಕಾಣುವ ಆಕಾಶಕ್ಕೆ ಅಂಟಿಕೊಂಡು ನಡೆಯುತ್ತಿಲ್ಲ. ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 21 ಅಥವಾ 22ರಂದು, ನಾವು ಉತ್ತರಾಯಣದ ಪುಣ್ಯಕಾಲವೆಂದು ಎಳ್ಳುಬೆಲ್ಲ ಬೀರುವುದು ಜನವರಿ 14ರ ಸುಮಾರಿಗೆ. ಮೂರು ವಾರಗಳಿಗೂ ಮೀರಿದ ಈ ಅಂತರವನ್ನು ಬಲ್ಲ ಪಂಡಿತರು ಬಲ್ಲರು, ಬಲ್ಲವರೂ ಎಳ್ಳನ್ನು ಬೀರುವರು. ಎಂದಮೇಲೆ ಸಂಕಲ್ಪದ ಕಾಲವು ಆಕಾಶದ ವರದಿಯಾಗಿರದೆ ಒಂದು ಜನಸಮುದಾಯವು ತನ್ನೊಳಗೆ ಮಾಡಿಕೊಂಡ ಒಪ್ಪಂದವಾಗಿರಬಹುದು. ಅಕ್ಕ ತಮ್ಮಂದಿರನ್ನು ಕಡಲಾಚೆಯಿಂದಲೂ ಒಂದೇ ಪಡಸಾಲೆಯಲ್ಲಿ ಕೂರಿಸುವ ಒಪ್ಪಂದವು ಸಣ್ಣ ಪುಣ್ಯವೇ?

ಆದರೂ ನನ್ನ ಮನಸ್ಸು ಒಪ್ಪಲಿಲ್ಲ. ಒಪ್ಪದಿದ್ದುದಕ್ಕೆ ಕಾರಣವು ಅವರು ಹೇಳಿದ ಅರುಂಧತಿಯಲ್ಲಿಯೇ ಸಿಕ್ಕಿತು. ಹಗಲಿನಲ್ಲಿ ಅರುಂಧತಿ ಕಾಣುವುದಿಲ್ಲ ನಿಜ, ಆದರೆ ಇಲ್ಲವೆಂದಲ್ಲ. ಬೆಳಕಿನ ಹಿಂದೆ ಅವಳು ಇದ್ದೇ ಇದ್ದಾಳೆ ಎಂಬುದನ್ನು ವಧುವೂ ಬಲ್ಲಳು, ಪುರೋಹಿತನೂ ಬಲ್ಲನು. ಕಾಣದುದನ್ನು ಇದೆಯೆಂದು ಒಪ್ಪುವ ಆ ಮಾತು ಶ್ರದ್ಧೆಯ ಮಾತು, ದಾಂಪತ್ಯಕ್ಕೆ ಅದಕ್ಕಿಂತ ತಕ್ಕ ಮೊದಲ ಪಾಠವಿಲ್ಲ. ಕಣ್ಣೆದುರಿಗೆ ಎಲೆಯುದುರುತ್ತಿರಲು ವಸಂತವೆನ್ನುವುದು ಇದಕ್ಕೆ ತಲೆಕೆಳಗಾದ ಕ್ರಿಯೆ; ಅದು ಕಂಡುದನ್ನು ಇಲ್ಲವೆನ್ನುವುದು. ಕಾಣದ ಸತ್ಯವನ್ನು ನಂಬಲು ಧರ್ಮವು ನಮಗೆ ಕಲಿಸುತ್ತದೆ. ಕಂಡ ಸತ್ಯವನ್ನು ಅಳಿಸಲು ಕಲಿಸುವುದಾದರೆ ಅದು ಧರ್ಮವಾಗಿ ಉಳಿಯಲಾರದು. ಪಂಚಾಂಗದ ಮೂರು ವಾರಗಳ ಅಂತರವೂ ಈ ಅಪರಾಧಕ್ಕೆ ಸೇರದು. ಸಂಕ್ರಾಂತಿಯ ದಿನ ಮೈಸೂರಿನಲ್ಲಿ ಹಗಲು ಬೆಳೆಯುತ್ತಿರುವುದಂತೂ ನಿಜ. ಅದೇ ದಿನ ಸಿಡ್ನಿಯಲ್ಲಿ ಬೇಸಗೆಯ ಬಿಸಿಲು ಉರಿಯುತ್ತಿದ್ದರೂ ಹಗಲು ಕ್ಷಯಿಸಲು ತೊಡಗಿರುತ್ತದೆ.

ಸಂಕಲ್ಪದ ರಚನೆಯೇ ನನ್ನ ಪಕ್ಷಕ್ಕೆ ಸಾಕ್ಷಿ ಹೇಳುತ್ತದೆಂದು ತೋರಿತು. ಗೋದಾವರಿಯ ದಕ್ಷಿಣತೀರವೆಂದು ನಾವು ಹೇಳುವುದು ನಾವು ಅಲ್ಲಿರುವುದರಿಂದ. ಕಾಶಿಯಲ್ಲಿರುವವನು ಹಾಗೆ ಹೇಳುವುದಿಲ್ಲ, ಹೇಳಬಾರದು. ದೇಶಕ್ಕೆ ತಕ್ಕಂತೆ ಮಾತು ಬದಲಾಗಬೇಕೆಂಬುದನ್ನು ಪೂರ್ವಿಕರೇ ಅಂಗೀಕರಿಸಿದ್ದಾರೆ. ಅವರು ಋತುವಿಗೆ ವಿಕಲ್ಪವನ್ನು ಹೇಳದಿದ್ದುದು, ಭೂಮಧ್ಯರೇಖೆಯನ್ನು ದಾಟಿ ಕುಳಿತು ಯುಗಾದಿ ಮಾಡುವವನು ಅವರ ಕಣ್ಣೆದುರಿಗೆ ಇಲ್ಲದಿದ್ದುದರಿಂದ. ಆದರೆ ಎಲ್ಲವನ್ನೂ ಬದಲಾಯಿಸಬೇಕೆಂಬ ಅರ್ಥವೂ ಇದಕ್ಕಿಲ್ಲ. ತಿಥಿಯನ್ನು ನೋಡೋಣ. ಸೂರ್ಯಚಂದ್ರರ ನಡುವಣ ಅಂತರವು 12 ಅಂಶ ಬೆಳೆದಾಗ ಒಂದು ತಿಥಿ ಕಳೆಯುತ್ತದೆ. ಈ ಅಂತರವು ಭೂಮಿಯ ಯಾವ ಮೂಲೆಯಿಂದ ನೋಡಿದರೂ ಸರಿಸುಮಾರಾಗಿ ಒಂದೇ. ಶುಕ್ಲಪಕ್ಷದ ಚಂದ್ರನು ಇಲ್ಲಿ ಬಲಕ್ಕೆ ಬದಲು ಎಡಗಡೆಯಿಂದ ಬೆಳೆಯುತ್ತಾನೆ, ಹುಣ್ಣಿಮೆಯ ಮೊಲವು ತಲೆಕೆಳಗಾಗಿರುತ್ತದೆ. ಆದರೂ ಹುಣ್ಣಿಮೆ ಹುಣ್ಣಿಮೆಯೇ, ಅಮಾವಾಸ್ಯೆ ಅಮಾವಾಸ್ಯೆಯೇ. ಸೂರ್ಯೋದಯ ಇಲ್ಲಿ ಮುಂಚಿತವಾಗಿ ಆಗುವುದರಿಂದ ಏಕಾದಶಿ ಒಮ್ಮೊಮ್ಮೆ ಒಂದು ದಿನ ಸರಿಯಬಹುದು, ಅದನ್ನು ಗಣಿತವು ತಿಳಿಸುತ್ತದೆ. ಧಾರವಾಡದ ಹಿರಿಯರೂ ಅವರ ಅಕ್ಕನೂ ನಿಜವಾಗಿ ಒಂದೇ ಪಡಸಾಲೆಯಲ್ಲಿ ಕೂರುವುದು ತಿಥಿಯ ಪಡಸಾಲೆಯಲ್ಲಿ. ಅದಕ್ಕೆ ಋತುವಿನ ಅಸತ್ಯವು ಬೇಕಾಗಿಲ್ಲ.

ಹೀಗೆ ಆಚಾರವನ್ನು ಕೈಯಲ್ಲಿ ಹಿಡಿದು ನೋಡಿದಾಗ ಅದರಲ್ಲಿ ಮೂರು ಬಗೆಯ ಎಳೆಗಳು ಕಾಣುತ್ತವೆ: ದೇಹವನ್ನು ಆಶ್ರಯಿಸಿದವು, ಇವು ಮನುಷ್ಯನೊಡನೆ ಎಲ್ಲಿಗೂ ಹೋಗುತ್ತವೆ; ಲೋಕವೆಲ್ಲವನ್ನೂ ಆಶ್ರಯಿಸಿದವು, ಇವು ಎಲ್ಲಿಯೂ ಒಂದೇ; ನೆಲವನ್ನು ಆಶ್ರಯಿಸಿದವು, ಇವನ್ನು ನೆಲದೊಡನೆ ಬಿಟ್ಟು, ಹೊಸ ನೆಲದಿಂದ ಹೊಸದನ್ನು ಕೇಳಿ ಪಡೆಯಬೇಕು. ಸ್ವದೇಶದಲ್ಲಿರುವವನಿಗೆ ಈ ಮೂರೂ ಒಂದೇ ಹಗ್ಗವಾಗಿ ಹೊಸೆದುಕೊಂಡಿರುವುದರಿಂದ ಬಿಡಿಸಿ ನೋಡುವ ಪ್ರಸಂಗವೇ ಬಾರದು. ಕಡಲು ದಾಟುವುದನ್ನು ಬೌಧಾಯನಾದಿಗಳು ದೋಷವೆಂದರು. ಆಚಾರಭ್ರಷ್ಟನಾಗುವ ಭಯದಿಂದ ಹಾಗೆಂದಿರಬಹುದು. ಆಚಾರವು ಯಾವುದರಿಂದ ಆಗಿದೆಯೆಂಬ ಅರಿವು ಕಡಲು ದಾಟಿದವನಿಗೇ ಸುಲಭವಾಗಿ ಬರುವುದೆಂಬುದು ಅವರ ಲೆಕ್ಕಕ್ಕೆ ಬಂದಿರಲಿಲ್ಲ.

ನನ್ನ ವಯಸ್ಸಿನವನು ಈ ವಿಚಾರದಲ್ಲಿ ಇನ್ನೊಂದು ಹೆಜ್ಜೆಯನ್ನು ಇಡದೆ ಇರಲಾರನು. ಭೀಷ್ಮನು ಶರಶಯ್ಯೆಯಲ್ಲಿ ಉತ್ತರಾಯಣಕ್ಕಾಗಿ ಕಾದನು. ಗೀತೆಯ ಎಂಟನೆಯ ಅಧ್ಯಾಯವು ಉತ್ತರಾಯಣದ ಆರು ತಿಂಗಳನ್ನು ಬೆಳಕಿನ ದಾರಿಗೂ, ದಕ್ಷಿಣಾಯನದ ಆರು ತಿಂಗಳನ್ನು ಹೊಗೆಯ ದಾರಿಗೂ ಸೇರಿಸುತ್ತದೆ. ಸಿಡ್ನಿಯಲ್ಲಿ ಉತ್ತರಾಯಣವೆಂದರೆ ಬೆಳಕು ಕುಗ್ಗುವ ಕಾಲ. ಹಾಗಾದರೆ ಇಲ್ಲಿ ದೇಹವಿಡುವವನಿಗೆ ಯಾವುದು ಬೆಳಕಿನ ದಾರಿ? ಈ ಪ್ರಶ್ನೆಗೆ ಉತ್ತರವು ನಾನು ಹುಡುಕುವುದಕ್ಕೆ ಸಾವಿರಕ್ಕೂ ಹೆಚ್ಚು ವರ್ಷಗಳ ಮುಂಚೆಯೇ ಸಿದ್ಧವಾಗಿತ್ತು. ಜ್ಞಾನಿಯು ದಕ್ಷಿಣಾಯನದಲ್ಲಿ ಸತ್ತರೂ ಫಲಕ್ಕೆ ಕುಂದಿಲ್ಲವೆಂದು ಬ್ರಹ್ಮಸೂತ್ರಗಳ ನಾಲ್ಕನೆಯ ಅಧ್ಯಾಯವು ನಿರ್ಣಯಿಸುತ್ತದೆ. ಭೀಷ್ಮನು ಕಾದುದು ಲೋಕಾಚಾರವನ್ನು ಪಾಲಿಸುವುದಕ್ಕೂ, ತಂದೆಯ ವರದಿಂದ ಬಂದ ಇಚ್ಛಾಮರಣವನ್ನು ತೋರುವುದಕ್ಕೂ ಎಂದು ಶಂಕರಾಚಾರ್ಯರು ಆ ಸೂತ್ರದ ಭಾಷ್ಯದಲ್ಲಿ ಹೇಳುತ್ತಾರೆ. ದಾರಿಯಲ್ಲಿ ಬರುವ ಬೆಳಕು, ಹಗಲು, ಶುಕ್ಲಪಕ್ಷ, ಅಯನಗಳು ಕಾಲವಿಭಾಗಗಳಲ್ಲ, ಜೀವನನ್ನು ಕರೆದೊಯ್ಯುವ ದೇವತೆಗಳು ಎಂಬುದೂ ಅದೇ ಅಧ್ಯಾಯದ ಸಿದ್ಧಾಂತ. ಬಾಗಿಲಿಗೆ ಬಂದು ಕೈಹಿಡಿದು ನಡೆಸುವ ದೇವತೆಗೆ ಮನೆ ಯಾವ ಅಕ್ಷಾಂಶದಲ್ಲಿದೆಯೆಂಬುದು ಅಡ್ಡಿಯಾಗಲಾರದು. ಮಕ್ಕಳ ಬಳಿಗೆ ಬಂದು ಸೇರಿದ ಎಷ್ಟೋ ಮಂದಿ ವೃದ್ಧರು, ಈ ನೆಲದಲ್ಲಿ ಕಣ್ಣು ಮುಚ್ಚಿದರೆ ಗತಿಯೇನು ಎಂದು ಬಾಯಿಬಿಟ್ಟು ಹೇಳದೆ ಕೊರಗುವುದನ್ನು ಉದ್ಯಾನದ ಕಲ್ಲುಬೆಂಚಿನ ಮೇಲೆ ನಾನು ಕಂಡಿದ್ದೇನೆ. ಅವರಿಗೆ ಈ ಭಾಷ್ಯವನ್ನು ಹೇಳಿದಾಗ ಹಗುರಾದ ಮುಖವನ್ನೂ ಕಂಡಿದ್ದೇನೆ.

ಇನ್ನು ಉಳಿದುದು ದೇಶದ ಹೆಸರು. ಗೋದಾವರಿಯ ತೀರವನ್ನು ಬಿಟ್ಟವನು ಯಾವ ತೀರವನ್ನು ಹೇಳಬೇಕು? ಪುರಾಣಗಳ ಸಪ್ತದ್ವೀಪಗಳಲ್ಲಿ ಯಾವುದಾದರೊಂದನ್ನು ಆರಿಸಿ ಈ ಭೂಖಂಡಕ್ಕೆ ಅಂಟಿಸಬಹುದು. ಅದು ಪಾಂಡಿತ್ಯವಾದೀತು, ಪರಿಚಯವಾಗಲಾರದು. ಇಲ್ಲಿಯ ಜನರು ತಾವಾಗಿ ಒಂದು ಸಂಕಲ್ಪವನ್ನು ರೂಢಿಸಿಕೊಂಡಿದ್ದಾರೆ. ಶಾಲೆಯ ಸಮಾರಂಭವಿರಲಿ, ಸರ್ಕಾರದ ಸಭೆಯಿರಲಿ, ಆರಂಭದಲ್ಲಿ ಒಬ್ಬರು ಎದ್ದುನಿಂತು, ನಾವು ಸೇರಿರುವ ಈ ನೆಲವು ಇಂಥ ಮೂಲನಿವಾಸಿಗಳದು, ಅವರ ಹಿರಿಯರಿಗೆ ನಮ್ಮ ಗೌರವ ಸಲ್ಲಲಿ ಎಂದು ಹೇಳುತ್ತಾರೆ. ಮೊಮ್ಮಗಳ ಶಾಲೆಯಲ್ಲಿ ಅದನ್ನು ಮೊದಲ ಸಲ ಕೇಳಿದಾಗ, ನನ್ನ ತಂದೆ ಮಣೆಯ ಮೇಲೆ ಕುಳಿತು ದೇಶವನ್ನು ಉಚ್ಚರಿಸುತ್ತಿದ್ದ ಧಾಟಿಯೇ ಕಿವಿಗೆ ಬಿದ್ದಂತಾಯಿತು. ಸೆಂಟೆನಿಯಲ್ ಉದ್ಯಾನವಿರುವುದು ಗ್ಯಾಡಿಗಲ್ ಜನರ ನೆಲ. ನಗರದ ತೆಂಕಣ ಭಾಗದ ಧರಾವಲ್ ಜನರ ಎಣಿಕೆಯಲ್ಲಿ ವರ್ಷಕ್ಕೆ ಆರು ಋತುಗಳೆಂದು ತಿಳಿದಾಗ ನನಗಾದ ಸಂತೋಷವನ್ನು ಹೇಳಲಾರೆ. ಕಡಲಾಚೆಯಿಂದ ಬಂದ ಇಂಗ್ಲಿಷರ ನಾಲ್ಕು ಋತುಗಳ ಅಡಿಯಲ್ಲಿ ಈ ನೆಲವೂ ನಮ್ಮ ನೆಲದಂತೆ ಆರನ್ನೇ ಎಣಿಸುತ್ತಿತ್ತು.

ಆದರೆ ನೆಲದ ಹೆಸರನ್ನು ಸತ್ಯವಾಗಿ ಹೇಳಹೊರಟವನು ಹಿತವಾದುದನ್ನು ಮಾತ್ರ ಹೇಳಿ ನಿಲ್ಲಿಸುವಂತಿಲ್ಲ. 1901ನೆಯ ಜನವರಿ 1ರಂದು ಆಸ್ಟ್ರೇಲಿಯದ ಒಕ್ಕೂಟವು ಘೋಷಿತವಾದುದು ಇದೇ ಉದ್ಯಾನದಲ್ಲಿ. ಆ ಸ್ಥಳದಲ್ಲಿ ಈಗ ಒಂದು ಮಂಟಪವಿದೆ, ನನ್ನ ದಾರಿ ಅದರ ಪಕ್ಕದಲ್ಲಿಯೇ ಹಾಯುತ್ತದೆ. ಅಲ್ಲಿ ಹುಟ್ಟಿದ ರಾಷ್ಟ್ರವು ಅದೇ ವರ್ಷ ಮುಗಿಯುವುದರೊಳಗೆ ವಲಸೆಯನ್ನು ನಿರ್ಬಂಧಿಸುವ ಶಾಸನವನ್ನು ಮಾಡಿ, ಯಾವುದಾದರೊಂದು ಯೂರೋಪಿನ ಭಾಷೆಯಲ್ಲಿ ಉಕ್ತಲೇಖನವನ್ನು ಬರೆಯಬೇಕೆಂಬ ಪರೀಕ್ಷೆಯನ್ನು ಮುಂದಿಟ್ಟು, ನನ್ನ ಬಣ್ಣದವರು ಒಳಕ್ಕೆ ಬಾರದಂತೆ ಮಾಡಿತು. ಆ ಪರೀಕ್ಷೆ ಹೋದುದು 1958ರಲ್ಲಿ, ಆ ನೀತಿಯು ಪೂರ್ತಿಯಾಗಿ ಮುಗಿದುದು 1973ರಲ್ಲಿ. ನೆಲದ ಮೂಲನಿವಾಸಿಗಳನ್ನು ದೇಶದ ಜನಸಂಖ್ಯೆಯ ಲೆಕ್ಕಕ್ಕೇ ಸೇರಿಸಬಾರದೆಂದು ಒಕ್ಕೂಟದ ಸಂವಿಧಾನವು ವಿಧಿಸಿತ್ತು. ಆ ವಿಧಿಯನ್ನು ತೆಗೆದುಹಾಕಲು 1967ರ ಜನಮತಗಣನೆಯ ವರೆಗೆ ಕಾಯಬೇಕಾಯಿತು. ಇವೆಲ್ಲವೂ ಗತಿಸಿದುವು. ನನಗೆ ಇಂದು ಇಲ್ಲಿ ಸಿಕ್ಕುವ ಆದರವೂ ಅಷ್ಟೇ ನಿಜ. ಆದರೂ ನಾನು ಸುತ್ತುವ ಮಹಾವೃಕ್ಷಗಳ ನೆಲವು ಇಷ್ಟನ್ನು ಒಡಲಲ್ಲಿ ಇಟ್ಟುಕೊಂಡಿದೆಯೆಂಬ ಅರಿವಿಲ್ಲದೆ ದೇಶವನ್ನು ಉಚ್ಚರಿಸಿದರೆ, ಅದು ಬರಿಯ ವಿಳಾಸವಾಗುವುದೇ ಹೊರತು ಸಂಕಲ್ಪವಾಗುವುದಿಲ್ಲ. ಗೋದಾವರಿಯ ತೀರವೆಂದು ಅಷ್ಟು ವರ್ಷ ಸಲೀಸಾಗಿ ಹೇಳುತ್ತಿದ್ದಾಗಲೂ ಆ ತೀರದಲ್ಲಿ ಯಾರು ಬಾವಿಯಿಂದ ದೂರ ನಿಂತಿದ್ದರೆಂಬುದನ್ನು ನೆನೆದುಕೊಂಡು ಹೇಳುವ ಅಭ್ಯಾಸವು ನಮ್ಮಲ್ಲಿ ಇರಲಿಲ್ಲ. ಪರನೆಲದ ಚರಿತ್ರೆಯನ್ನು ಎಣಿಸುವ ನಾಲಗೆಗೆ ಅದನ್ನೂ ಸೇರಿಸಿಕೊಳ್ಳುವ ಋಣವುಂಟು.

ಪರದೇಶಕ್ಕೆ ಹೋದವನ ಕಥೆಯೆಂದಾಗ ತ್ರಿಶಂಕುವನ್ನು ನೆನೆಯುವುದು ವಾಡಿಕೆ. ತ್ರಿಶಂಕುವೆಂದು ನಮ್ಮವರು ಗುರುತಿಸುವ ನಾಲ್ಕು ತಾರೆಗಳ ಶಿಲುಬೆಯು ಇಲ್ಲಿಯ ಆಕಾಶದಲ್ಲಿ ಎಂದೂ ಮುಳುಗುವುದಿಲ್ಲ, ಈ ದೇಶದ ಧ್ವಜದಲ್ಲಿಯೂ ಅದಿದೆ. ಆದರೆ ನನಗೆ ಹಿಡಿಸುವವನು ಅಗಸ್ತ್ಯ. ವಿಂಧ್ಯವನ್ನು ಬಾಗಿಸಿ ದಕ್ಷಿಣಕ್ಕೆ ನಡೆದ ಆ ಋಷಿ ಹಿಂದಿರುಗಲಿಲ್ಲ. ಹಿಂದಿರುಗಲಿಲ್ಲವೆಂದು ಅಳಲೂ ಇಲ್ಲ. ಅವನು ತನ್ನ ಅಗ್ನಿಯನ್ನು ಕೊಂಡೊಯ್ದನು, ಹೋದ ನೆಲದ ನೀರನ್ನು ತನ್ನದೆಂದನು. ನಮ್ಮ ಕಾವೇರಿಯ ಕಥೆಯಲ್ಲಿ ಅವನ ಕಮಂಡಲವಿದೆ. ಅವನ ಹೆಸರಿನ ನಕ್ಷತ್ರವು ಬೆಂಗಳೂರಿನಿಂದ ನೋಡಿದರೆ ದಕ್ಷಿಣ ದಿಗಂತದ ಮೇಲೆ ತಗ್ಗಿನಲ್ಲಿಯೇ ಹಾಯುತ್ತದೆ, ಸಿಡ್ನಿಯಲ್ಲಿ ನೆತ್ತಿಗೆ ಸಮೀಪವಾಗಿ ಏರುತ್ತದೆ. ಯಾವುದನ್ನು ಒಯ್ಯಬೇಕು, ಯಾವುದನ್ನು ಹೋದಲ್ಲಿ ಕೇಳಿ ಪಡೆಯಬೇಕು ಎಂಬ ವಿವೇಕವೇ ಅವನ ತಪಸ್ಸಿನ ಅರ್ಧವಾಗಿತ್ತೆಂದು ನಾನು ತಿಳಿದಿದ್ದೇನೆ.

ಆದುದರಿಂದ ನನ್ನ ನಿಶ್ಚಯವನ್ನು ಹೇಳಿ ಮುಗಿಸುತ್ತೇನೆ. ಮರವು ಬಲಕ್ಕೇ ಇರುತ್ತದೆ. ಸೂರ್ಯನು ತನ್ನಿಷ್ಟದಂತೆ ಎಡಕ್ಕೆ ನಡೆಯಲಿ, ಊರಿನಲ್ಲಿಯೂ ಅವನು ವರ್ಷದ ಮೂರನೆಯ ಒಂದು ಪಾಲು ಹಾಗೆಯೇ ನಡೆಯುತ್ತಿದ್ದನು. ಬರುವ ಯುಗಾದಿಗೆ ಸಂವತ್ಸರ, ಮಾಸ, ತಿಥಿಗಳನ್ನು ಅಕ್ಕತಂಗಿಯರು ಹೇಳುವಂತೆಯೇ ಹೇಳುವೆನು. ಋತುವನ್ನು ಶರತ್ತೆಂದು ಹೇಳುವೆನು. ದೇಶವನ್ನು ದಕ್ಷಿಣಸಮುದ್ರದ ಪಶ್ಚಿಮತೀರ, ಗ್ಯಾಡಿಗಲ್ ಜನರ ನೆಲ ಎಂದು ಹೇಳುವೆನು. ಧಾರವಾಡದ ಹಿರಿಯರು ವಸಂತವೆಂದೇ ಹೇಳುವರು; ಅವರ ಅಕ್ಕನ ಪಕ್ಕದ ಮಣೆಯನ್ನು ಕಸಿಯುವ ಅಧಿಕಾರ ನನಗಿಲ್ಲ, ಕಸಿಯುವ ಮನಸ್ಸೂ ಇಲ್ಲ. ಕಂಡ ಋತುವನ್ನು ಮರೆಸಿ ಆರಂಭಿಸಿದ ಪೂಜೆಯನ್ನು ಕರುಣಾಳುವಾದ ದೇವರು ಸ್ವೀಕರಿಸದೆ ಇರಲಾರನು. ಆದರೆ ದೇವರಿಗೆ ಆಕ್ಷೇಪವಿಲ್ಲದ ಮಾತ್ರಕ್ಕೆ ಪೂಜೆ ಮಾಡುವವನಿಗೂ ಆಕ್ಷೇಪ ಇರಬಾರದೆಂದು ಯಾವ ಶಾಸ್ತ್ರವೂ ಹೇಳಿಲ್ಲ.